ಚಾಮುಂಡಿ ಬೆಟ್ಟ 16 ಸಲ ಹತ್ತಿದ ಹಾಗೆ: ಡೊಲೊಮೈಟ್ಸ್ ಸೈಕಲ್ ಸವಾರಿಗೆ ಹೊರಟ ಮೈಸೂರಿನ ಟೀಚರ್‌ಗೆ ಉತ್ತರ

ಪ್ರಶ್ನೆ: ಸರ್, ನನಗೆ 41 ವರ್ಷ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ನಾಲ್ಕು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ವಾರಕ್ಕೆ ಮೂರು ಬೆಳಗ್ಗೆ ಚಾಮುಂಡಿ ಬೆಟ್ಟ. ಕೆಳಗಿನಿಂದ ಮೇಲಕ್ಕೆ 24 ನಿಮಿಷ, ಜಿಪಿಎಸ್ 260 ಮೀಟರ್ ಏರಿಕೆ ತೋರಿಸುತ್ತದೆ. ಒಂದು 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ್ದೇನೆ. ತೂಕ 62 ಕೆ.ಜಿ. ಮ್ಯೂನಿಕ್‌ನಲ್ಲಿರುವ ನನ್ನ ತಮ್ಮ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಲ್ಲಿ ನಡೆಯುವ ಮರಟೋನಾ ಡ್ಲೆಸ್ ಡೊಲೊಮಿಟ್ಸ್ ಸೈಕಲ್ ಸವಾರಿಯ ಲಾಟರಿಗೆ ನಮ್ಮಿಬ್ಬರ ಹೆಸರು ಹಾಕಿದ್ದ. ಸಿಕ್ಕಿಬಿಟ್ಟಿದೆ! ಇನ್ನು ಏಳು ತಿಂಗಳಿದೆ. ಅವನು 138 ಕಿ.ಮೀ.ನ ದೊಡ್ಡ ಹಾದಿಯನ್ನೇ ಮಾಡೋಣ ಅನ್ನುತ್ತಾನೆ. ನನ್ನ ಕೈಲಿ ಆಗುತ್ತಾ? ಹೇಗೆ ತಯಾರಾಗಲಿ? ಸೈಕಲ್ ಇಲ್ಲಿಂದಲೇ ಒಯ್ಯಬೇಕಾ? ಇಬ್ಬರೂ ಜೊತೆಗೇ ಹೋಗಬಹುದಾ?

ಉತ್ತರ: ಮೊದಲು ಲೆಕ್ಕ ಮಾಡೋಣ. ನೀವು ಕೊಟ್ಟ ಎರಡು ಅಂಕಿ ಸಾಕು. 24 ನಿಮಿಷಕ್ಕೆ 260 ಮೀಟರ್ ಅಂದರೆ ಗಂಟೆಗೆ 650 ಮೀಟರ್ ಎತ್ತರ. ಚೆನ್ನಾಗಿದೆ. ಆದರೆ ಇದು ಬೆಳಗಿನ ತಾಜಾ ಕಾಲಿನ ವೇಗ. ಮೇಲೆ ಹೋಗಿ ಎಳನೀರು ಕುಡಿದು ಮನೆಗೆ ಇಳಿಯುವವರ ವೇಗ. ದಿನವಿಡೀ ಹತ್ತುವಾಗ ಇದರ ಮುಕ್ಕಾಲು ಪಾಲು ಉಳಿದರೆ ದೊಡ್ಡದು. ಗಂಟೆಗೆ 500 ಮೀಟರ್ ಅಂತ ಇಟ್ಟುಕೊಳ್ಳಿ.

ಮರಟೋನಾದಲ್ಲಿ ಮೂರು ಹಾದಿಗಳಿವೆ. ಚಿಕ್ಕದು ಸೆಲ್ಲಾರೊಂಡಾ, 55 ಕಿ.ಮೀ., ಏರಿಕೆ 1,780 ಮೀಟರ್. ನಡುವಿನದು 106 ಕಿ.ಮೀ., 3,130 ಮೀಟರ್. ದೊಡ್ಡದು 138 ಕಿ.ಮೀ., 4,230 ಮೀಟರ್. ನಿಮ್ಮ ಚಾಮುಂಡಿ ಲೆಕ್ಕದಲ್ಲಿ ಹೇಳಿದರೆ ಕ್ರಮವಾಗಿ ಏಳು ಸಲ, 12 ಸಲ, 16 ಸಲ. ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. 200 ಕಿ.ಮೀ. ಬಿಆರ್‌ಎಂ ಮಾಡಿದವರಿಗೆ 138 ಅಂದರೆ ಸಣ್ಣದು ಅನ್ನಿಸುತ್ತದೆ. ಬಿಆರ್‌ಎಂನಲ್ಲಿ 13 ಗಂಟೆ 30 ನಿಮಿಷ ಕೊಡುತ್ತಾರೆ, ನಮ್ಮ ಕಡೆಯ ರಸ್ತೆ ಬಹುಪಾಲು ಸಮತಟ್ಟು, ನಡುವೆ ಇಡ್ಲಿ ತಿನ್ನಬಹುದು. ಇಲ್ಲಿ ದೂರ ಯಾರಿಗೂ ಲೆಕ್ಕಕ್ಕಿಲ್ಲ. ಎತ್ತರವೇ ಲೆಕ್ಕ.

ಗಂಟೆಗೆ 500 ಮೀಟರ್‌ನಂತೆ ನಡುವಿನ ಹಾದಿಯ ಏರಿಕೆಗೇ 6 ಗಂಟೆ 15 ನಿಮಿಷ. ಇಳಿಜಾರು, ಚೂರುಪಾರು ಸಮತಟ್ಟು, ನೀರು ತುಂಬಿಸಿಕೊಳ್ಳುವುದು, ಜಾಕೆಟ್ ಹಾಕಿ ತೆಗೆಯುವುದು ಎಲ್ಲ ಸೇರಿ ಎಂಟೂವರೆ ಗಂಟೆ. ದೊಡ್ಡ ಹಾದಿಯಾದರೆ ಏರಿಕೆಗೇ ಎಂಟೂವರೆ ಗಂಟೆ, ಒಟ್ಟು 11 ದಾಟುತ್ತದೆ. ಬೆಳಗ್ಗೆ 6.30ಕ್ಕೆ ಬಿಡುತ್ತಾರೆ. ಎಂಟು–ಒಂಬತ್ತು ಸಾವಿರ ಜನ ಒಟ್ಟಿಗೆ ಹೊರಡುವುದರಿಂದ ಹಿಂದಿನ ಸಾಲಿನವರು ಗೆರೆ ದಾಟುವುದು ಇನ್ನೂ ತಡ. ದಾರಿಯಲ್ಲಿ ಸಮಯದ ಗಡಿಗಳೂ ಇವೆ. ದೊಡ್ಡ ಹಾದಿಗೆ ತಿರುಗುವ ಕವಲಿನಲ್ಲಿ ಇಷ್ಟು ಗಂಟೆಯಾದ ಮೇಲೆ ಬಿಡುವುದೇ ಇಲ್ಲ. ಏಳು ತಿಂಗಳಲ್ಲಿ ನೀವು ಚೆನ್ನಾಗಿ ತಯಾರಾಗಿ ದಿನವಿಡೀ ಗಂಟೆಗೆ 600 ಮೀಟರ್ ಹತ್ತುವಂತಾದರೂ ದೊಡ್ಡದಕ್ಕೆ ಹತ್ತು ಗಂಟೆ ಬೇಕು. ನಡುವಿನದು ಏಳೂವರೆ ಗಂಟೆಗೆ ಮುಗಿಯುತ್ತದೆ.

ಹಾಗಾಗಿ ನನ್ನ ಉತ್ತರ: 106. ದೊಡ್ಡದನ್ನು ಈ ಸಲ ಬಿಡಿ. ತಮ್ಮನಿಗೆ ಬೇಜಾರಾದರೆ ಆಗಲಿ. ನೋಂದಣಿಯ ವೇಳೆ ಹಾದಿಯನ್ನು ಗಟ್ಟಿಮಾಡಿಕೊಳ್ಳಬೇಕಾದ ಅಗತ್ಯವೂ ಇಲ್ಲ, ಕವಲಿಗೆ ಬಂದಾಗ ಸೈಕಲ್ ತಿರುಗಿಸಿದರೆ ಆಯಿತು. ಆ ಕವಲಿನಲ್ಲಿ ಮನಸ್ಸು ಏನೇನೋ ಹೇಳುತ್ತದೆ. ಮನೆಯಲ್ಲಿ ಕೂತು ಮಾಡಿದ ಲೆಕ್ಕವನ್ನೇ ಅಲ್ಲಿ ನಂಬಿ.

ಹಾದಿ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಇಟಲಿಯ ಉತ್ತರ ತುದಿಯ ಆಲ್ಟಾ ಬಾದಿಯಾ ಕಣಿವೆಯ ಲಾ ವಿಲ್ಲಾ ಎಂಬ ಊರಿನಿಂದ ಹೊರಟು ಕೊರ್ವಾರಾದಲ್ಲಿ ಮುಗಿಯುತ್ತದೆ. ಎರಡೂ ಊರು ಅಕ್ಕಪಕ್ಕ. 1987ರಲ್ಲಿ ಒಂದು ಸ್ಥಳೀಯ ಸೈಕಲ್ ಕ್ಲಬ್‌ನವರು ತಮ್ಮ ಹತ್ತು ವರ್ಷದ ಸಂಭ್ರಮಕ್ಕೆ ಶುರುಮಾಡಿದ್ದು. ಈಗ ಲಾಟರಿ ಎತ್ತಿ ಜನರನ್ನು ಆರಿಸುವಷ್ಟು ಬೆಳೆದಿದೆ. ಹೆಸರಿನಲ್ಲಿರುವ ಆ ವಿಚಿತ್ರ 'ಡ್ಲೆಸ್' ಇಟಾಲಿಯನ್ ಪದವಲ್ಲ. ಅದು ಲದೀನ್. ಆ ಕಣಿವೆಗಳಲ್ಲಿ ಸುಮಾರು 30 ಸಾವಿರ ಜನ ಆಡುವ ನುಡಿ. ನಮ್ಮ ಕೊಡವ ತಕ್ಕ್‌ನ ಹಾಗೆ ಬೆಟ್ಟಗಳ ಮರೆಯಲ್ಲಿ ಉಳಿದುಕೊಂಡಿದೆ. ಮೊದಲ ಮಹಾಯುದ್ಧದ ತನಕ ಈ ನೆಲ ಆಸ್ಟ್ರಿಯಾ–ಹಂಗೇರಿಗೆ ಸೇರಿತ್ತು. ಅದಕ್ಕೇ ಪ್ರತಿ ಊರಿಗೂ ಲದೀನ್, ಇಟಾಲಿಯನ್, ಜರ್ಮನ್ ಅಂತ ಮೂರು ಹೆಸರು. ಬೋರ್ಡ್ ನೋಡಿ ದಾರಿ ತಪ್ಪಿತೇನೋ ಅಂತ ಗಾಬರಿಯಾಗಬೇಡಿ, ನನಗೆ ಆಗಿತ್ತು.

ಮೊದಲು ಸೆಲ್ಲಾ ಪರ್ವತಸಮೂಹದ ಸುತ್ತ ಪ್ರದಕ್ಷಿಣೆ. ಕಂಪೊಲೊಂಗೊ, ಪೊರ್ಡೊಯಿ, ಸೆಲ್ಲಾ, ಗಾರ್ಡೆನಾ ಅಂತ ನಾಲ್ಕು ಘಾಟಿಗಳು. ಕಂಪೊಲೊಂಗೊ 5.8 ಕಿ.ಮೀ., ಮೈ ಬಿಸಿಮಾಡಿಕೊಳ್ಳಲು. ಜನಜಂಗುಳಿ ಎಷ್ಟಿರುತ್ತದೆಂದರೆ ಜೋರಾಗಿ ಹೋಗಬೇಕೆಂದರೂ ಜಾಗವಿಲ್ಲ. ಒಳ್ಳೆಯದೇ ಆಯಿತು. ಪೊರ್ಡೊಯಿ 9.2 ಕಿ.ಮೀ., 33 ತಿರುವು, ತುದಿ 2,239 ಮೀಟರ್. ಏರು ಸರಾಸರಿ ಶೇ. 7ರ ಹತ್ತಿರ, ಅಂದರೆ 100 ಮೀಟರ್ ಹೋದರೆ 7 ಮೀಟರ್ ಎತ್ತರ. ಒಂದೇ ಲಯದ ಏರು, ಒಂದು ಗೇರ್ ಹಾಕಿದರೆ ಬದಲಿಸುವುದೇ ಬೇಡ. ತಲೆಯೆತ್ತಿದರೆ ಮೇಲಿನ ತಿರುವುಗಳಲ್ಲಿ ಬಣ್ಣಬಣ್ಣದ ಜರ್ಸಿಗಳ ಸಾಲು, ಜಾತ್ರೆಗೆ ಹೊರಟವರ ಹಾಗೆ. ಹಿಂದೆ ನೋಡಿದರೆ ಕೆಳಗೂ ಅಷ್ಟೇ ಜನ. ಮೋಟಾರ್ ಗಾಡಿಗಳಿಗೆ ರಸ್ತೆ ಬಂದ್, ಹಾಗಾಗಿ ಕೇಳಿಸುವುದು ಚೈನ್ ಸದ್ದು ಮತ್ತು ಉಸಿರು ಮಾತ್ರ. ಮೇಲೆ ಫೌಸ್ತೊ ಕೊಪ್ಪಿಯ ಸ್ಮಾರಕವಿದೆ. 1940ರಲ್ಲಿ 20ನೇ ವಯಸ್ಸಿಗೇ ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೊ ಗೆದ್ದವನು.

ಸೆಲ್ಲಾ ಚಿಕ್ಕದು, 5.5 ಕಿ.ಮೀ. ಆದರೆ ಶೇ. 7.9. ಚಾಮುಂಡಿಯ ವೇಗದಲ್ಲಿ ನುಗ್ಗಬೇಕು ಅನ್ನಿಸುವುದೇ ಇಲ್ಲಿ. ನುಗ್ಗಬೇಡಿ. ಗಾರ್ಡೆನಾ ಸಲೀಸು. ಅಲ್ಲಿಂದ ಕೊರ್ವಾರಾಕ್ಕೆ ಇಳಿದರೆ 55 ಕಿ.ಮೀ. ಮುಗಿಯಿತು. ಮುಂದೆ ಹೋಗುವವರಿಗೆ ಮತ್ತೆ ಅದೇ ಕಂಪೊಲೊಂಗೊ. ಎರಡನೇ ಸಲ ಅದೇ ಬೆಟ್ಟ ಇಷ್ಟು ಕಡಿದಾಗಿತ್ತಾ ಅನ್ನಿಸುತ್ತದೆ. ಆಮೇಲೆ ಅರಬ್ಬಾ ದಾಟಿ ಇಳಿದರೆ ಕವಲು. ದೊಡ್ಡ ಹಾದಿಯವರು ಜಾವು ಕಡೆ ಹೋಗುತ್ತಾರೆ. 9.9 ಕಿ.ಮೀ., ಸರಾಸರಿ ಶೇ. 9.3, ನಡುವೆ ಉಸಿರು ಬಿಡಲು ಸಮತಟ್ಟು ಸಿಗುವುದಿಲ್ಲ. ಐದು ಘಾಟಿ ಮುಗಿಸಿ ಬಂದವರಿಗೆ ಇದು ಮೂರೂವರೆ ಚಾಮುಂಡಿ ಒಂದರ ಮೇಲೊಂದು ಇಟ್ಟ ಹಾಗೆ. ನಡುವಿನ ಹಾದಿಯವರು ಇದನ್ನು ಬಿಟ್ಟು ನೇರ ಫಾಲ್ಜಾರೆಗೊ ಏರುತ್ತಾರೆ. ಸುಮಾರು ಹತ್ತು ಕಿ.ಮೀ. ಅದರ ತಲೆಯ ಮೇಲೆ ಇನ್ನೊಂದು ಕಿಲೋಮೀಟರ್ ಚಿಲ್ಲರೆ ಹತ್ತಿದರೆ ವಾಲ್ಪರೋಲಾ. ಅಲ್ಲಿ ಮಹಾಯುದ್ಧದ ಕಾಲದ ಪಾಳುಕೋಟೆ ಇದೆ. ಆ ಬಂಡೆಗಳ ನಡುವೆ ಸೈನಿಕರು ಹಿಮದಲ್ಲಿ ವರ್ಷಗಟ್ಟಲೆ ಕೂತಿದ್ದರು.

ಅಷ್ಟಾಗಿ ಮುಗಿಯಿತು ಅಂದುಕೊಂಡು ಇಳಿದು ಬಂದರೆ ಲಾ ವಿಲ್ಲಾದಲ್ಲಿ ಒಂದು ಕುಚೇಷ್ಟೆ ಕಾದಿದೆ. ಹೆಸರು ಮ್ಯೂರ್ ಡ್ಲ್ ಜಾಟ್, ಅಂದರೆ ಬೆಕ್ಕಿನ ಗೋಡೆ. 360 ಮೀಟರ್ ಉದ್ದ, ಕಡಿದಾದ ಕಡೆ ಶೇ. 19. ಎರಡೂ ಬದಿ ಜನ ನಿಂತು ಕಿರುಚುತ್ತಾರೆ. ಇಳಿದು ತಳ್ಳಿಕೊಂಡು ಹೋದರೂ ಅದೇ ಕಿರುಚಾಟ, ಅದೇ ಚಪ್ಪಾಳೆ. ನಾಚಿಕೆ ಬೇಡ.

ಈಗ ನಿಮ್ಮ ಗೇರ್. ಪತ್ರದಲ್ಲಿ ಬರೆದಿಲ್ಲ, ಆದರೆ ನಮ್ಮಲ್ಲಿ ಮಾರುವ ರೋಡ್ ಬೈಕ್‌ಗಳಲ್ಲಿ ಮುಂದೆ 50–34, ಹಿಂದೆ 11–28 ಹಲ್ಲಿನ ಚಕ್ರಗಳಿರುವುದು ಸಾಮಾನ್ಯ. ಮೈಸೂರಿಗೆ ಸಾಕು. ಅಲ್ಲಿಗೆ ಸಾಲದು. ಸೆಲ್ಲಾದಲ್ಲಿ ಗಂಟೆಗೆ 500 ಮೀಟರ್ ಏರುವಾಗ ನಿಮ್ಮ ವೇಗ ಗಂಟೆಗೆ 6.3 ಕಿ.ಮೀ. 34–28ರಲ್ಲಿ ಆ ವೇಗಕ್ಕೆ ನಿಮಿಷಕ್ಕೆ 41 ಸುತ್ತು ಪೆಡಲ್. ಇದು ತುಳಿಯುವುದಲ್ಲ, ಒನಕೆ ಕುಟ್ಟುವುದು. ಎರಡು ಗಂಟೆಗೆ ಮಂಡಿ ಮಾತಾಡಲು ಶುರುಮಾಡುತ್ತದೆ. ಹಿಂದೆ 34 ಹಲ್ಲಿನ ಚಕ್ರ ಹಾಕಿದರೆ 50 ಸುತ್ತು. ಮುಂದೆ 30, ಹಿಂದೆ 36 ಆದರೆ 60 ಸುತ್ತು. ಅದು ಮನುಷ್ಯರು ದಿನವಿಡೀ ತುಳಿಯಬಹುದಾದದ್ದು. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ದೊಡ್ಡದು ಹಾಕಿಸುವಾಗ ಗೇರ್ ಬದಲಿಸುವ ಹಿಂದಿನ ಡಿರೇಲರ್ ಅದನ್ನು ಹಿಡಿಯುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಚೈನ್ ಉದ್ದವೂ ಬದಲಾಗಬೇಕು. 'ಅಷ್ಟು ಸಣ್ಣ ಗೇರ್ ಯಾಕೆ ಮೇಡಂ' ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ. ಆ ಘಾಟಿಗಳಲ್ಲಿ ಗೇರ್ ಜಾಸ್ತಿಯಾಯಿತು ಅಂದವರನ್ನು ನಾನು ಇನ್ನೂ ನೋಡಿಲ್ಲ.

ಇಷ್ಟೆಲ್ಲ ಹತ್ತುವ ಮಾತಾಯಿತು. ಆದರೆ ನಿಮಗೆ ನಿಜವಾಗಿ ಹೇಳಬೇಕಾದದ್ದು ಇಳಿಯುವ ವಿಷಯ. ನಮ್ಮವರು ಅಲ್ಲಿ ಸೋಲುವುದು ಹತ್ತುವಾಗ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ನಾನು ಕಂಡ ಮಟ್ಟಿಗೆ ತೊಂದರೆ ಇಳಿಜಾರಿನಲ್ಲಿ. ಹತ್ತಲು ದಮ್ಮು ಬೇಕು, ಅದನ್ನು ಮನೆಯ ಟ್ರೇನರ್ (ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೂ ಗಳಿಸಬಹುದು. ಹತ್ತು ಕಿಲೋಮೀಟರ್ ಬಿಡದೆ ಇಳಿಯುವ ಅಭ್ಯಾಸ ಮೈಸೂರು, ಬೆಂಗಳೂರಿನಲ್ಲಿ ಕೂತು ಬರುವುದಿಲ್ಲ. ಚಾಮುಂಡಿಯಿಂದ ಇಳಿಯುವುದು ಎಷ್ಟು ನಿಮಿಷದ ಕೆಲಸ ಹೇಳಿ? ಅದರಲ್ಲೂ ಎದುರು ಬಸ್ಸು, ಪಕ್ಕದಲ್ಲಿ ಮಂಗ.

ಗಾರ್ಡೆನಾದಿಂದ ಕೊರ್ವಾರಾಕ್ಕೆ 550 ಮೀಟರ್ ಇಳಿತ. ನೀವು, ಸೈಕಲ್, ಸಾಮಾನು ಸೇರಿ 74 ಕೆ.ಜಿ. ಅಂದುಕೊಳ್ಳಿ. ಆ ಎತ್ತರದಿಂದ ಇಳಿಯುವಾಗ ಹೊರಬರುವ ಶಕ್ತಿ ಒಂದು ಲೀಟರ್‌ಗಿಂತ ಜಾಸ್ತಿ ತಣ್ಣೀರನ್ನು ಕುದಿಸಬಲ್ಲದು. ಒಂದಷ್ಟು ಗಾಳಿಗೆ ಹೋಗುತ್ತದೆ. ಉಳಿದದ್ದು ಬ್ರೇಕಿಗೇ. ಹೆದರಿದವರು ಮಾಡುವ ತಪ್ಪು ಒಂದೇ: ಮೇಲಿನಿಂದ ಕೆಳಗಿನ ತನಕ ಬ್ರೇಕನ್ನು ಮೆಲ್ಲಗೆ ಹಿಡಿದೇ ಇರುವುದು. ವೇಗ ಕಡಿಮೆಯಾದರೆ ಗಾಳಿಯ ಪಾಲೂ ಕಡಿಮೆ, ಬಿಸಿಯೆಲ್ಲ ಬ್ರೇಕಿನ ಮೇಲೆ. ರಿಮ್ ಬ್ರೇಕ್ ಆದರೆ ರಿಮ್ ಕಾಯುತ್ತದೆ, ಕಾರ್ಬನ್ ರಿಮ್ ಆದರೆ ಹಾಳಾಗಲೂಬಹುದು. ಕೈಬೆರಳು ಸೋಲುವುದು ಬೇರೆ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಸಡಿಲಿಸಿ, ಹೊರಗಿನ ಕಾಲು ಕೆಳಗೆ, ಕಣ್ಣು ತಿರುವಿನ ಆಚೆಗೆ. ಹ್ಯಾಂಡಲ್‌ನ ಕೆಳಗಿನ ಬಾಗು ಹಿಡಿದರೆ ಬ್ರೇಕಿಗೆ ಬಲ ಜಾಸ್ತಿ, ಸೈಕಲ್ ಅಲುಗುವುದೂ ಕಡಿಮೆ.

ಇನ್ನೊಂದಿದೆ. ಇಟಲಿಯಲ್ಲಿ ರಸ್ತೆಯ ಬಲಬದಿ ಹಿಡಿಯಬೇಕು. ಗಾಡಿಗಳಿಲ್ಲದ ದಿನವಾದರೂ ಸೈಕಲ್‌ಗಳಿಗೆ ಅದೇ ನಿಯಮ: ನಿಧಾನದವರು ಬಲಕ್ಕೆ, ಹಿಂದಿಕ್ಕುವವರು ಎಡದಿಂದ. ಹಿಂದಿನಿಂದ ಯಾರಾದರೂ ಕೂಗಿದರೆ ನಾವು ಹುಟ್ಟಿದಾಗಿನಿಂದ ಮಾಡಿದ ಹಾಗೆ ಥಟ್ಟನೆ ಎಡಕ್ಕೆ ಸರಿಯುತ್ತೇವೆ. ಅಲ್ಲಿ ಎಡಕ್ಕೆ ಸರಿದರೆ 60ರಲ್ಲಿ ಬರುವವನ ಎದುರಿಗೇ ಹೋದಂತೆ. ನಾನು ಹಾಗೆ ಒಬ್ಬರ ಬಾಯಲ್ಲಿ ಇಟಾಲಿಯನ್ ಬೈಗುಳ ತಿಂದಿದ್ದೇನೆ. ಅರ್ಥವಾಗದಿದ್ದರೂ ಅರ್ಥವಾಯಿತು. ಎರಡು ದಿನ ಮುಂಚೆ ಹೋಗಿ ಅಲ್ಲಿನ ರಸ್ತೆಯಲ್ಲಿ ತಿರುಗಾಡಿದರೆ ಇದು ಸರಿಹೋಗುತ್ತದೆ.

ಚಳಿಯೂ ಇಳಿಜಾರಿನ ಲೆಕ್ಕಕ್ಕೇ ಸೇರಬೇಕು. ಜುಲೈ ಅಂದರೆ ಅಲ್ಲಿ ಬೇಸಿಗೆ. ಆದರೂ ಬೆಳಗ್ಗೆ ಗೆರೆಯಲ್ಲಿ ನಿಂತಾಗ ಹತ್ತು ಡಿಗ್ರಿಯೂ ಇಲ್ಲದಿರಬಹುದು. 1,000 ಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ. ಹತ್ತುವಾಗ ಬೆವರು, ತುದಿಯಲ್ಲಿ ಒದ್ದೆ ಜರ್ಸಿ, ಕೂಡಲೇ 50 ಕಿ.ಮೀ. ವೇಗದ ಗಾಳಿ. ನಾನು ಮೊದಲ ಸಲ ಹೋದಾಗ ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಭಾರ ಯಾಕೆ ಅಂತ ಮಳೆ ಜಾಕೆಟ್ ರೂಮಿನಲ್ಲೇ ಬಿಟ್ಟೆ. ಸೆಲ್ಲಾ ತುದಿ ಮುಟ್ಟುವಷ್ಟರಲ್ಲಿ ಹನಿ. ಇಳಿಯುವಾಗ ಬೆರಳು ಮರಗಟ್ಟಿ ಬ್ರೇಕ್ ಹಿಡಿದಿದ್ದೇನಾ ಬಿಟ್ಟಿದ್ದೇನಾ ಅಂತಲೇ ಗೊತ್ತಾಗುತ್ತಿರಲಿಲ್ಲ. ತಿಂಡಿ ಕೊಡುವ ಜಾಗದಲ್ಲಿ ನಿಂತಿದ್ದ ಒಬ್ಬ ಅಜ್ಜಿ ನನ್ನ ನಡುಕ ನೋಡಿ ಬಿಸಿ ಟೀ ಕೊಟ್ಟರು. ಆಮೇಲೆ ಹಳೇ ಪೇಪರಿನ ನಾಲ್ಕು ಹಾಳೆ ಮಡಚಿ ಜರ್ಸಿಯೊಳಗೆ ಎದೆಗೆ ಇಟ್ಟುಕೊಳ್ಳಲು ಸನ್ನೆ ಮಾಡಿದರು. ಹಳೇ ಕಾಲದ ಸೈಕ್ಲಿಸ್ಟ್‌ಗಳ ಉಪಾಯ ಅದು. ಗಾಳಿ ಒಳಗೆ ಬರುವುದಿಲ್ಲ. ದೊಡ್ಡ ಹಾದಿ ಮಾಡಬೇಕೆಂದು ಹೋಗಿದ್ದ ನಾನು ಕವಲಿನಲ್ಲಿ ಫಾಲ್ಜಾರೆಗೊ ಕಡೆ ತಿರುಗಿದೆ. ನೀವು ತೆಳು ಮಳೆ ಜಾಕೆಟ್, ತೋಳುಗವಸು, ಪೂರ್ತಿ ಬೆರಳಿನ ಗ್ಲೌಸ್ ಜೇಬಿನಲ್ಲಿ ಇಟ್ಟುಕೊಳ್ಳಿ. ಮುನ್ಸೂಚನೆ ಏನೇ ಹೇಳಲಿ.

ತಯಾರಿಗೆ ಬರೋಣ. ನೀವು ಟೀಚರ್ ಆಗಿರುವುದು ಇಲ್ಲಿ ಒಂದು ವರ. ಏಪ್ರಿಲ್, ಮೇ ರಜೆ ನಿಮ್ಮದು. ಅಲ್ಲಿಯ ತನಕ ಸುಮ್ನೆ ಬುನಾದಿ ಹಾಕಿ. ವಾರದಲ್ಲಿ ಎರಡು ದಿನ ಬೆಳಗ್ಗೆ ಚಾಮುಂಡಿ, ಆದರೆ ಇನ್ನು ಮೇಲೆ 24 ನಿಮಿಷದಲ್ಲಿ ಬೇಡ. 30–32 ನಿಮಿಷದಲ್ಲಿ ಹತ್ತಿ, ಇಳಿದು, ಮತ್ತೆ ಹತ್ತಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಒಂದು ಪೂರ್ತಿ ವಾಕ್ಯ ಹೇಳುವಷ್ಟು ಉಸಿರಿರಬೇಕು. ಇದು ನಿಮಗೆ ಕಷ್ಟವಾಗುತ್ತದೆ, ಬರೆದಿಟ್ಟುಕೊಳ್ಳಿ. ಕಾಲಿಗಲ್ಲ, ಮನಸ್ಸಿಗೆ. ಕಾಲೇಜು ಹುಡುಗರು ಹಿಂದಿಕ್ಕಿ ಹೋಗುವಾಗ ಸುಮ್ಮನಿರುವುದೇ ಈ ಅಭ್ಯಾಸದ ಮುಖ್ಯ ಭಾಗ. ಮೂರನೇ ದಿನ ಟ್ರೇನರ್ ಮೇಲೆ ಅಥವಾ ಖಾಲಿ ರಸ್ತೆಯಲ್ಲಿ 20 ನಿಮಿಷದ ಎರಡು ಬಿಗಿ ಸುತ್ತು. ಭಾನುವಾರ ಉದ್ದನೆಯ ಸವಾರಿ. ಜನವರಿಯಲ್ಲಿ ಚಾಮುಂಡಿ ಮೂರು ಸಲ, ಫೆಬ್ರವರಿಯಲ್ಲಿ ನಾಲ್ಕು, ಮಾರ್ಚ್ ಕೊನೆಗೆ ಆರು. ಮೂರು ವಾರ ಏರಿಸಿ, ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. 12ರ ತನಕ ಹೋಗುವ ಅಗತ್ಯವಿಲ್ಲ. ಮೇ ತಿಂಗಳಲ್ಲಿ ಒಂದು ಸಲ ಎಂಟು ಮಾಡಿದರೆ ಸಾಕು, ಉಳಿದದ್ದನ್ನು ಅಲ್ಲಿನ ಗಾಳಿ, ಜನ, ಬೆಟ್ಟ ನೋಡಿಕೊಳ್ಳುತ್ತವೆ.

ರಜೆಯಲ್ಲಿ ಊರು ಬಿಡಿ. ಭಾಗಮಂಡಲದಲ್ಲಿ ಎರಡು ದಿನ ಉಳಿದು ತಲಕಾವೇರಿಗೆ ಹತ್ತಿ ಇಳಿಯಿರಿ. ಎಂಟು ಕಿಲೋಮೀಟರ್, ಒಳ್ಳೇ ಏರು. ಆಮೇಲೆ ಚಿಕ್ಕಮಗಳೂರು. ಮುಳ್ಳಯ್ಯನಗಿರಿ ಕಡೆಯ ರಸ್ತೆಯಲ್ಲಿ ಸೀತಾಳಯ್ಯನಗಿರಿ ತನಕ ಹೋದರೆ ಡೊಲೊಮೈಟ್ಸ್‌ನ ಉದ್ದಕ್ಕೆ ಹೋಲುವ ಏರು ಮತ್ತು, ಮುಖ್ಯವಾಗಿ, ಹಾಗೆಯೇ ಉದ್ದದ ಇಳಿಜಾರು ಸಿಗುತ್ತದೆ. ವಾರಾಂತ್ಯ ಬೇಡ, ಪ್ರವಾಸಿ ಗಾಡಿಗಳ ಕಾಟ. ವಾರದ ದಿನ ಬೆಳಕು ಹರಿಯುವಾಗ ಹೋಗಿ. ಅದೇ ಇಳಿಜಾರನ್ನು ದಿನಕ್ಕೆ ಎರಡು ಸಲ ಇಳಿಯಿರಿ, ಮೊದಲ ಸಲ ನಿಧಾನ. ಇಳಿಯುವ ಅಭ್ಯಾಸಕ್ಕೇ ಅಂತ ಇಷ್ಟು ದೂರ ಹೋಗಬೇಕಾ ಅಂದರೆ, ಹೌದು, ಹೋಗಬೇಕು. ನೀಲಗಿರಿ ಕಡೆ ಕಲ್ಲಟ್ಟಿಯ 36 ತಿರುವು ನಿಮಗೆ ಹತ್ತಿರ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಸವಾರರಿಗೆ ಅದರ ರುಚಿ ಗೊತ್ತು. ಆದರೆ ಆನೆಗಳ ದಾರಿ ಅದು. ಒಬ್ಬರೇ ಹೋಗಲು ನಾನು ಹೇಳುವುದಿಲ್ಲ.

ಜೂನ್‌ನಲ್ಲಿ ಶಾಲೆ ಶುರು, ಮಳೆಯೂ ಶುರು. ಆಗ ದೊಡ್ಡ ಸಾಹಸ ಬೇಡ. ಟ್ರೇನರ್ ಮೇಲೆ ಕೂತು ಗಟ್ಟಿ ಗೇರಿನಲ್ಲಿ ತುಳಿಯಿರಿ, ಮಳೆ ಬಿಟ್ಟ ದಿನ ಹೊರಗೆ ಹೋಗಿ. ಕೊನೆಯ ಹತ್ತು ದಿನ ಕಡಿಮೆ ಮಾಡಿ. ಸವಾರಿ ಸಾಮಾನ್ಯವಾಗಿ ಜುಲೈ ಮೊದಲ ಭಾನುವಾರದ ಆಸುಪಾಸು ಬೀಳುತ್ತದೆ, ಶಾಲೆಯಲ್ಲಿ ರಜೆ ಈಗಲೇ ಹೇಳಿಡಿ. ತರಬೇತಿಗಿಂತ ಅದೇ ಕಷ್ಟ ಇರಬಹುದು.

ಒಂದು ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವುದು). ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆ ಇರುವುದು ಎಷ್ಟು ಸಾಮಾನ್ಯ ಅಂದರೆ, ಸುಸ್ತನ್ನೇ ಸಹಜ ಅಂದುಕೊಂಡು ಬದುಕುತ್ತಾರೆ. 2,200 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಮೈಸೂರಿಗಿಂತ ಸುಮಾರು ಶೇ. 15ರಷ್ಟು ಕಡಿಮೆ. ಅದನ್ನು ಹೊತ್ತೊಯ್ಯಲು ರಕ್ತವೂ ಸಾಲದಿದ್ದರೆ ಎಷ್ಟು ತರಬೇತಿ ಮಾಡಿದರೂ ಏರು ಏರಾಗಿಯೇ ಉಳಿಯುತ್ತದೆ. ಡಿಸೆಂಬರ್‌ನಲ್ಲೇ ನೋಡಿಸಿದರೆ ಸರಿಮಾಡಲು ತಿಂಗಳುಗಳಿವೆ. ಮಾತ್ರೆ ನೀವೇ ತಗೊಳ್ಳಬೇಡಿ, ಡಾಕ್ಟರ್ ಹೇಳಲಿ. ಹೇಗೂ ಡಾಕ್ಟರ ಬಳಿ ಹೋಗಲೇಬೇಕು: ಇಟಲಿಯಲ್ಲಿ ಇಂಥ ಸವಾರಿಗೆ ವೈದ್ಯರ ಪ್ರಮಾಣಪತ್ರ ಕಡ್ಡಾಯ. ಸಂಘಟಕರ ಫಾರಂ ಇಳಿಸಿಕೊಂಡು ಇಸಿಜಿ ಮಾಡಿಸಿ ಸಹಿ ಹಾಕಿಸಿ. 40 ದಾಟಿದ ಮೇಲೆ ಅದು ಬರೀ ಕಾಗದದ ಕೆಲಸ ಅಂದುಕೊಳ್ಳಬೇಡಿ. ಪ್ರಯಾಣ ವಿಮೆಯಲ್ಲಿ ಸ್ಪರ್ಧೆಯ ಸೈಕ್ಲಿಂಗ್ ಬಿಟ್ಟಿದ್ದಾರಾ ಅಂತ ಸಣ್ಣಕ್ಷರ ಓದಿ, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಸಣ್ಣದಲ್ಲ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕೊನೆಗೆ ನೋಡೋಣ ಅಂತ ಇಡಬೇಡಿ.

ಊಟದ ಮಾತು ಚಿಕ್ಕದು. ಗಂಟೆಗೆ 60 ಗ್ರಾಂ ಸಕ್ಕರೆ–ಪಿಷ್ಟ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಇರುತ್ತದೆ, ನಾಲ್ಕು ಖರ್ಜೂರದಲ್ಲೂ ಸುಮಾರಾಗಿ ಅಷ್ಟೇ. ಉಳಿದದ್ದು ಬಾಟಲಿಯ ನೀರಿನಲ್ಲಿ. ಹಸಿವಾಗುವ ತನಕ ಕಾಯಬೇಡಿ, ಆಗ ತಡವಾಗಿರುತ್ತದೆ. ದಾರಿಯಲ್ಲಿ ಧಾರಾಳವಾಗಿ ಕೊಡುತ್ತಾರೆ, ಆದರೆ ಅಲ್ಲಿನದ್ದನ್ನು ಅವತ್ತೇ ಮೊದಲ ಸಲ ತಿಂದರೆ ಹೊಟ್ಟೆ ಒಪ್ಪದಿರಬಹುದು. ಕಡಲೆಬೀಜದ ಚಿಕ್ಕಿ ಒಯ್ಯಬೇಡಿ. ನಾನು ಒಯ್ದಿದ್ದೆ. ಏದುಸಿರಿನಲ್ಲಿ ಅಗಿಯಲು ಆಗಲಿಲ್ಲ, ಚಳಿಗೆ ಕಲ್ಲಾಗಿತ್ತು. ಹೋಳಿಗೆ ಅರ್ಧರ್ಧ ಮಡಚಿ ಒಯ್ದವರನ್ನು ನೋಡಿದ್ದೇನೆ, ಅದು ಜಾಣತನ.

ಸೈಕಲ್ ಇಲ್ಲಿಂದ ಒಯ್ಯುವುದಕ್ಕಿಂತ ಅಲ್ಲೇ ಬಾಡಿಗೆಗೆ ತಗೊಳ್ಳಿ. ಒಳ್ಳೇ ಡಿಸ್ಕ್ ಬ್ರೇಕ್, ಸಣ್ಣ ಗೇರ್ ಎರಡೂ ಸಿಗುತ್ತವೆ, ಬಿಚ್ಚಿ ಪೆಟ್ಟಿಗೆಗೆ ತುಂಬುವ ತಲೆನೋವಿಲ್ಲ. ಆ ವಾರ ಆ ಕಣಿವೆಯಲ್ಲಿ ಸೈಕಲ್‌ಗೆ ಕ್ಯೂ ಇರುತ್ತದೆ, ಈಗಲೇ ಬುಕ್ ಮಾಡಿ. ಎಷ್ಟು ಹಲ್ಲಿನ ಗೇರ್ ಬೇಕು ಅಂತ ಬರೆದು ಕೇಳಿ. ನಿಮ್ಮ ಸೀಟು, ಪೆಡಲ್, ಶೂ ಇಲ್ಲಿಂದ ಒಯ್ಯಿರಿ. ಎಂಟು ಗಂಟೆ ಬೇರೆಯವರ ಸೀಟಿನ ಮೇಲೆ ಕೂರುವುದು ಬೇಡ. ಸೀಟಿನ ಎತ್ತರ ಅಳೆದು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಅಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಎಡಗೈಗೆ ಇರುತ್ತದೆ. ನಿಮ್ಮ ಸೈಕಲ್‌ನಲ್ಲಿ ಬಲಗೈಗೆ ಇದ್ದರೆ ಕೊಡುವಾಗಲೇ ಬದಲಾಯಿಸಿಕೊಡಿ ಅಂತ ಕೇಳಿ. ಗಾಬರಿಯ ಹೊತ್ತಿನಲ್ಲಿ ಕೈ ತನಗೆ ಅಭ್ಯಾಸವಾದದ್ದನ್ನೇ ಮಾಡುತ್ತದೆ.

ತಮ್ಮನ ಜೊತೆ ಹೋಗುವ ವಿಷಯ. ಬೇಡ. ಅವನು ಆಲ್ಪ್ಸ್ ಪಕ್ಕದಲ್ಲೇ ಇರುವವನು, ಕಾಲು ಬೇರೆ, ಇಳಿಯುವ ಧೈರ್ಯ ಬೇರೆ. ನೀವು ಅವನನ್ನು ಹಿಡಿಯಲು ಕಂಪೊಲೊಂಗೊದಲ್ಲೇ ದಮ್ಮು ಕಳೆದುಕೊಳ್ಳುತ್ತೀರಿ. ಅಥವಾ ಅವನು ಅಕ್ಕನಿಗೋಸ್ಕರ ಪ್ರತಿ ತುದಿಯಲ್ಲೂ ಚಳಿಯಲ್ಲಿ ನಿಂತು ಕಾಯುತ್ತಾನೆ. ಮೊದಲ ಸುತ್ತು ಬೇಕಾದರೆ ಒಟ್ಟಿಗೆ ಹೊರಡಿ. ಪೊರ್ಡೊಯಿಯ ಮೂರನೇ ತಿರುವಿನಲ್ಲಿ ಹೋಗಪ್ಪಾ ಅಂತ ಕಳಿಸಿಬಿಡಿ. ನೀವು ಏಳೂವರೆ, ಎಂಟು ಗಂಟೆಗೆ ಮುಗಿಸಿದರೆ, ಜಾವು ಹತ್ತಿ ಬರುವ ಅವನಿಗಿಂತ ಮೊದಲೇ ಕೊರ್ವಾರಾದಲ್ಲಿ ಕೂತು ಪಾಸ್ತಾ ತಿನ್ನುತ್ತಿರುವ ಸಾಧ್ಯತೆಯೂ ಇದೆ.